ವಂಶವಾಹಿಗಳ ಬಾಂಧವ್ಯ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಧರ್ಮಸಭೆಯಲ್ಲಿ ನೊಣ, ಮೀನು, ಇಲಿಗಳ ಪ್ರಸ್ತಾಪವೇಕೆಂದು ಕೆಲವರಿಗೆ ತೋರಬಹುದು. ನಮ್ಮ ಮನೆಗಳ ಬಚ್ಚಲಿನಲ್ಲಿ ನಡೆಯುವ ಒಂದು ಸಂಗತಿಯಿಂದಲೇ ಮಾತನ್ನು ಪ್ರಾರಂಭಿಸಿದರೆ ಆ ಸಂಶಯವು ತಾನಾಗಿಯೇ ಪರಿಹಾರವಾದೀತು.

ನಮ್ಮ ಕಡೆ ತಲೆಗೆ ನೀರು ಹಾಕಿಕೊಳ್ಳುವುದೆಂದರೆ ಹಂಡೆಯಲ್ಲಿ ಚೆನ್ನಾಗಿ ಕಾಯ್ದ ನೀರನ್ನು ತಂಬಿಗೆಯ ಮೇಲೆ ತಂಬಿಗೆಯಾಗಿ ನೆತ್ತಿಯ ಮೇಲೆ ಹುಯ್ಯುವುದು. ಹಬ್ಬಹರಿದಿನಗಳಲ್ಲಿ ಎಣ್ಣೆ ಹಚ್ಚಿ ಹೀಗೆ ನೀರೆರೆಯುವುದು ತಾಯಂದಿರ ವಾತ್ಸಲ್ಯದ ಒಂದು ರೂಪವೇ ಆಗಿದೆ. ಆದರೆ ಕೆಲವು ಮಕ್ಕಳಿಗೆ ನೀರು ನೆತ್ತಿಗೆ ಬೀಳುತ್ತಿರುವಾಗಲೇ ದೃಷ್ಟಿಯು ನೆಟ್ಟು, ಮಾತು ತೊದಲಿ, ಎಚ್ಚರ ತಪ್ಪುವುದುಂಟು. ಕೈಕಾಲುಗಳು ಸೆಳೆದುಕೊಳ್ಳುವುದೂ ಉಂಟು. ಇದನ್ನು ವೈದ್ಯರು ಬಿಸಿನೀರಿನ ಅಪಸ್ಮಾರವೆಂದು ಕರೆಯುತ್ತಾರೆ. 1945ರಲ್ಲಿ ನ್ಯೂಜಿಲೆಂಡಿನ ವೈದ್ಯರೊಬ್ಬರು ಇದನ್ನು ಮೊದಲು ಬರೆದಿಟ್ಟರು. ಆದರೆ ಪ್ರಪಂಚದಲ್ಲಿ ಈ ರೋಗವು ವಿಶೇಷವಾಗಿ ಕಂಡುಬಂದಿರುವುದು ದಕ್ಷಿಣ ಕರ್ನಾಟಕದಲ್ಲಿಯೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾಕ್ಟರ್ ಪಿ. ಸತೀಶ್ಚಂದ್ರರೂ ಅವರ ಸಹೋದ್ಯೋಗಿಗಳೂ 1988ರಲ್ಲಿ 279 ರೋಗಿಗಳ ವೃತ್ತಾಂತವನ್ನು ಒಟ್ಟಿಗೆ ಪ್ರಕಟಿಸಿದರು. ರೋಗವು ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚೆಂದೂ, ಕೆಲವು ಮನೆಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಬರುವುದೆಂದೂ ಇಂಥ ಪರಿಶೀಲನೆಗಳಿಂದ ತಿಳಿಯಿತು.

ಹಳ್ಳಿಯಲ್ಲಿ ಇದಕ್ಕೆ ಹೇಳುವ ಕಾರಣಗಳು ಬೇರೆ. ಗಾಳಿ ಸೋಕಿತೆನ್ನುವರು, ಮನೆದೇವರಿಗೆ ಹರಕೆ ತಪ್ಪಿತೆನ್ನುವರು, ಹೆಚ್ಚಾಗಿ ತಾಯಿಯ ಕಡೆಯ ವಂಶವನ್ನು ದೂರುವರು. ಕೊನೆಯ ಮಾತು ಎಲ್ಲಕ್ಕಿಂತ ಕ್ರೂರವಾದುದು. ಹುಡುಗಿಯಾದರೆ ಸಂಬಂಧ ತಪ್ಪೀತೆಂದು ರೋಗವನ್ನೇ ಮರೆಮಾಡುವರು. ಮರೆಮಾಡಿದ ಮೇಲೆ ವೈದ್ಯರ ಬಳಿಗೆ ಹೋಗುವುದೆಲ್ಲಿ ಬಂತು? ನೀರಿನ ಕಾವನ್ನು ಇಳಿಸಿ, ತಲೆಯ ಮೇಲೆ ಧಾರೆಯಾಗಿ ಹುಯ್ಯುವುದನ್ನು ಬಿಟ್ಟು, ವೈದ್ಯರು ಹೇಳಿದವರು ಸ್ನಾನಕ್ಕೆ ಮುಂಚಿತವಾಗಿ ಔಷಧವನ್ನು ಸೇವಿಸಿದರೆ ಬಹುಮಂದಿಗೆ ಹತೋಟಿಗೆ ಬರುವ ರೋಗವಿದು. ಹೀಗಿರಲು ಒಂದು ಮಗುವು ವರ್ಷಗಟ್ಟಲೆ ಬಚ್ಚಲಮನೆಯನ್ನು ಕಂಡರೆ ನಡುಗುತ್ತ ಬೆಳೆಯುವುದು ವ್ಯಸನಕರವಾದ ಸಂಗತಿಯಲ್ಲವೆ?

ರೋಗವು ಮನೆತನದಲ್ಲಿ ಹರಿಯುವುದಾದರೆ ಅದರ ಬೀಜವು ವಂಶವಾಹಿಯಲ್ಲಿರಬೇಕು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದರ ತಂಡದವರು ನಿಮ್ಹಾನ್ಸ್ ವೈದ್ಯರೊಡನೆ ಸೇರಿ ಇಂಥ ಕುಟುಂಬಗಳನ್ನು ಪರೀಕ್ಷಿಸಿ, ಕೆಲವು ರೋಗಿಗಳಲ್ಲಿ ಎಸ್‌ಎಲ್‌ಸಿ1ಎ1 ಎಂಬ ವಂಶವಾಹಿಯಲ್ಲಿ ಅಪರೂಪದ ವ್ಯತ್ಯಾಸಗಳಿರುವುದನ್ನು 2017ರಲ್ಲಿ ಪ್ರಕಟಿಸಿದರು. 2021ರಲ್ಲಿ ಝಡ್‌ಜಿಆರ್‌ಎಫ್1 ಎಂಬ ಮತ್ತೊಂದನ್ನು ಹೆಸರಿಸಿದರು. ಎಲ್ಲ ರೋಗಿಗಳಿಗೂ ಇವೇ ಕಾರಣವೆಂದು ತಿಳಿಯತಕ್ಕದ್ದಲ್ಲ. ಒಂದೇ ಲಕ್ಷಣದ ಹಿಂದೆ ಹಲವು ಕಾರಣಗಳಿರುತ್ತವೆ.

ಹೆಸರು ದೊರೆತೊಡನೆ ಕೆಲಸ ಮುಗಿಯುವುದಿಲ್ಲ. ಆ ವಂಶವಾಹಿಯು ಮಿದುಳಿನಲ್ಲಿ ಏನು ಮಾಡುತ್ತದೆ, ಒಂದಕ್ಷರ ಕೆಟ್ಟರೆ ಬಿಸಿನೀರಿಗೆ ಮಿದುಳು ಏಕೆ ಕದಡುತ್ತದೆ ಎಂಬುದನ್ನು ಮಗುವಿನ ತಲೆಯನ್ನು ತೆರೆದು ನೋಡಲಾಗದು. ಆದ ಕಾರಣ ವಿಜ್ಞಾನಿಗಳು ಆ ವಂಶವಾಹಿಯ ಬಂಧುಗಳನ್ನು ಅನ್ಯ ಜೀವಿಗಳಲ್ಲಿ ಅರಸುತ್ತಾರೆ. ಈ ಅರಸುವಿಕೆಯೇ ಇಂದಿನ ನನ್ನ ವಿಷಯ.

ವಂಶವಾಹಿಯೆಂದರೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಒಂದು ಬರಹ. ಆ ಬರಹದಂತೆ ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಸರವಾಗಿ ಪೋಣಿಸಲ್ಪಟ್ಟು ಪ್ರೋಟೀನು ಎಂಬ ವಸ್ತುವು ಸಿದ್ಧವಾಗುತ್ತದೆ. ದೇಹದ ಕೆಲಸವನ್ನೆಲ್ಲ ನಡೆಸುವವು ಬಹುಮಟ್ಟಿಗೆ ಈ ಪ್ರೋಟೀನುಗಳು. ಮನುಷ್ಯನಲ್ಲಿ ಇಂಥ ಬರಹಗಳು ಸುಮಾರು 20,000. ಕೊಳೆತ ಬಾಳೆಹಣ್ಣಿಗೆ ಮುಸುರುವ ಸಣ್ಣ ನೊಣದಲ್ಲಿ ಸುಮಾರು 14,000. ಮನುಷ್ಯನಿಗೂ ನೊಣಕ್ಕೂ ಇರುವ ಅಂತರವನ್ನು ಈ ಲೆಕ್ಕದಿಂದ ಅಳೆಯಹೊರಟವರು ಮೊದಲಿಗೆ ಬೆರಗಾದರೆ ಆಶ್ಚರ್ಯವಿಲ್ಲ.

ಈ ಬರಹಗಳ ಬಾಂಧವ್ಯವನ್ನು ತಿಳಿಯುವ ವಿಧಾನವು ಮಠಗಳ ಭಕ್ತರಿಗೆ ಅಪರಿಚಿತವಾದುದಲ್ಲ. ವಚನಗಳ ಓಲೆಗರಿಗಳು ನಾಡಿನ ಮಠಮನೆಗಳಲ್ಲಿ ಚೆದರಿಹೋಗಿದ್ದವು. ಫ. ಗು. ಹಳಕಟ್ಟಿಯವರು ಅವನ್ನು ಮನೆಮನೆಗೆ ತಿರುಗಿ ಕಲೆಹಾಕಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚುಹಾಕಿಸಿದರು. ಮೂಲಮಠದ ಒಂದು ಕಟ್ಟನ್ನು ಎರಡು ಶಾಖಾಮಠಗಳಿಗೆ ಪ್ರತಿಮಾಡಿ ಕೊಟ್ಟರೆಂದು ಭಾವಿಸೋಣ. ಒಬ್ಬ ಲಿಪಿಕಾರನು ಒಂದಕ್ಷರವನ್ನು ಬಿಡುವನು. ಇನ್ನೊಬ್ಬನು ತನ್ನ ಸೀಮೆಯ ಮಾತನ್ನು ಸೇರಿಸುವನು. ನೂರಾರು ವರ್ಷಗಳಾದ ಮೇಲೆ ಮೂಲವು ಗೆದ್ದಲಿಗೆ ತುತ್ತಾದರೂ ಎರಡು ಪ್ರತಿಗಳನ್ನು ಪಕ್ಕದಲ್ಲಿಟ್ಟು ಓದುವ ವಿದ್ವಾಂಸನಿಗೆ ಅವು ಒಂದೇ ತಾಯಿಯ ಮಕ್ಕಳೆಂದು ಹೊಳೆಯುತ್ತದೆ. ಎರಡರಲ್ಲಿಯೂ ಬದಲಾಗದೆ ಉಳಿದ ಅಕ್ಷರಗಳಿಂದ ಅರ್ಥಕ್ಕೆ ಪ್ರಾಣಭೂತವಾದ ಸ್ಥಳ ಯಾವುದೆಂಬುದೂ ಬಹುಮಟ್ಟಿಗೆ ಗೊತ್ತಾಗುತ್ತದೆ. ವಂಶವಾಹಿಗಳ ಪಂಡಿತನು ಮಾಡುವುದೂ ಇದನ್ನೇ. ಮನುಷ್ಯರೂ ನೊಣಗಳೂ ಒಂದು ಪೂರ್ವಜ ಸಂತತಿಯಿಂದ ಅರವತ್ತು ಕೋಟಿ ವರ್ಷಗಳಷ್ಟು ಹಿಂದೆ ಕವಲೊಡೆದವೆಂದು ಗಣಿಸುತ್ತಾರೆ. ಅಂದಿನಿಂದ ಪ್ರತಿಯಿಂದ ಪ್ರತಿಗೆ ಬರಹವು ಇಳಿದುಬಂದಿದೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಬಾಂಧವ್ಯವು ಎರಡು ಬಗೆಯದು. ಪ್ರಾಣಿಜಾತಿಯೇ ಕವಲೊಡೆದಾಗ ಬೇರೆ ಬೇರೆ ಮನೆ ಸೇರಿದ ಒಂದೇ ಬರಹದ ಪ್ರತಿಗಳಿಗೆ ಆರ್ಥೊಲಾಗ್ ಎಂದು ಹೆಸರು. ಎರಡು ಶಾಖಾಮಠಗಳ ಪ್ರತಿಗಳು ಇದ್ದಂತೆ. ಒಂದು ಜೀವಿಯೊಳಗೇ ಬರಹವು ಇಮ್ಮಡಿಯಾಗಿ, ಎರಡನೆಯ ಪ್ರತಿಯು ಕ್ರಮೇಣ ಬೇರೆ ಕೆಲಸವನ್ನು ವಹಿಸಿಕೊಂಡರೆ ಅದು ಪ್ಯಾರಲಾಗ್. ಇವೆರಡನ್ನೂ ಹೆಸರಿಟ್ಟು ಬೇರ್ಪಡಿಸಿದವನು ಅಮೆರಿಕದ ವಾಲ್ಟರ್ ಫಿಚ್, 1970ರಲ್ಲಿ. ನಾವು ಮೊದಲನೆಯದನ್ನು ನೇರ ಬಂಧುವೆಂದೂ ಎರಡನೆಯದನ್ನು ದಾಯಾದಿಯೆಂದೂ ಕರೆಯೋಣ. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಶೂನ್ಯಸಂಪಾದನೆಯನ್ನು ಜೋಡಿಸಿದ ಮೇಲೆ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರ ಸಿದ್ಧವೀರಣ್ಣೊಡೆಯರು ಅದನ್ನು ಪರಿಷ್ಕರಿಸಿದರಷ್ಟೆ. ನಾಲ್ಕೂ ಒಂದೇ ಗ್ರಂಥವೆಂದರೂ ತಪ್ಪು, ನಾಲ್ಕಕ್ಕೂ ಸಂಬಂಧವಿಲ್ಲವೆಂದರೂ ತಪ್ಪು. ವಂಶವಾಹಿಗಳಲ್ಲಿಯೂ ಈ ವಿವೇಕವೇ ಬೇಕು.

ಹುಡುಕುವ ಕ್ರಮವನ್ನು ಸಂಗ್ರಹವಾಗಿ ಹೇಳುತ್ತೇನೆ. ಮನುಷ್ಯನ ಬರಹವನ್ನು ಹಿಡಿದು ನೊಣದ ಸಮಸ್ತ ಬರಹಗಳಲ್ಲಿ ಅತ್ಯಂತ ಹೋಲುವುದನ್ನು ಗಣಕಯಂತ್ರದಿಂದ ಆರಿಸುವುದು. 1990ರಲ್ಲಿ ಹೊರಬಂದ ಬ್ಲಾಸ್ಟ್ ಎಂಬ ಸಾಧನವು ಇದನ್ನು ಕ್ಷಣಗಳಲ್ಲಿ ಮಾಡುತ್ತದೆ. ಅಲ್ಲಿಗೆ ನಿಲ್ಲಬಾರದು. ನೊಣದ ಆ ಬರಹವನ್ನು ಹಿಡಿದು ಮನುಷ್ಯನ ಬರಹಗಳಲ್ಲಿ ಮರಳಿ ಹುಡುಕಿದಾಗ ಮೊದಲಿನದೇ ದೊರೆಯಬೇಕು. ಗಂಡಿನ ಕಡೆಯವರು ನೆಂಟಸ್ತನವನ್ನು ಹೇಳಿದರೆ ಸಾಲದು, ಹೆಣ್ಣಿನ ಕಡೆಯವರೂ ಒಪ್ಪಬೇಕಲ್ಲವೆ! ಆಮೇಲೆ ಹಲವು ಜೀವಿಗಳ ಬರಹಗಳನ್ನು ಸೇರಿಸಿ ವಂಶವೃಕ್ಷವನ್ನು ರಚಿಸುವರು. ಅಕ್ಕಪಕ್ಕದ ವಂಶವಾಹಿಗಳ ಸಾಲು ಹೊಂದುವುದೇ ಎಂದು ನೋಡುವರು. ಒಂದೊಂದು ವಿಧಾನವು ಒಂದೊಂದು ತೀರ್ಪನ್ನು ಕೊಡುವುದುಂಟು. ಆದುದರಿಂದ ಹಾರ್ವರ್ಡ್ ವೈದ್ಯಕೀಯ ಶಾಲೆಯವರು 2011ರಲ್ಲಿ ಡಯಾಪ್ಟ್ ಎಂಬ ವ್ಯವಸ್ಥೆಯನ್ನು ಏರ್ಪಡಿಸಿ, ಹಲವು ವಿಧಾನಗಳ ಅಭಿಪ್ರಾಯಗಳನ್ನು ಪಂಚಾಯಿತಿಯಂತೆ ಕೂಡಿಸಿ ಎಣಿಸುವ ಮಾರ್ಗವನ್ನು ತೋರಿಸಿದರು. ಪಂಚರೆಲ್ಲರೂ ಒಪ್ಪಿದರೂ ಅದು ಸಾಕ್ಷ್ಯವೇ ಹೊರತು ಪ್ರತ್ಯಕ್ಷವಲ್ಲ. ಕೊನೆಗೆ ಜೀವಿಯಲ್ಲಿಯೇ ಪರೀಕ್ಷಿಸಿ ನೋಡಬೇಕು.

ಅಂಥ ಪರೀಕ್ಷೆಗಳಲ್ಲಿ ಒಂದೆರಡನ್ನು ಹೇಳದೆ ಮುಂದಕ್ಕೆ ಹೋಗಲು ಮನಸ್ಸಾಗದು. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟಿನಲ್ಲಿ, ಇಲ್ಲದಿದ್ದರೆ ಅದು ಬದುಕಲಾರದಂತಹ 414 ವಂಶವಾಹಿಗಳ ಸ್ಥಾನದಲ್ಲಿ ಮನುಷ್ಯನ ನೇರ ಬಂಧುಗಳನ್ನಿಟ್ಟು ಟೆಕ್ಸಾಸಿನ ವಿಜ್ಞಾನಿಗಳು 2015ರಲ್ಲಿ ಪರೀಕ್ಷಿಸಿದರು. ಹೆಚ್ಚುಕಡಮೆ ಅರ್ಧದಷ್ಟು ಸ್ಥಾನಗಳಲ್ಲಿ ಮನುಷ್ಯನ ಬರಹದಿಂದಲೇ ಯೀಸ್ಟು ಜೀವಿಸಿತು. ಇನ್ನೊಂದು ಇದಕ್ಕಿಂತ ವಿಚಿತ್ರವಾದುದು. ಕಣ್ಣಿಲ್ಲದೆ ಹುಟ್ಟುವ ಒಂದು ಬಗೆಯ ನೊಣದಲ್ಲಿ ಕೆಟ್ಟಿರುವ ವಂಶವಾಹಿಯೂ, ಕಣ್ಣಿನ ಕರಿಯ ಪರದೆಯಿಲ್ಲದೆ ಹುಟ್ಟುವ ಮನುಷ್ಯರಲ್ಲಿ ಕೆಟ್ಟಿರುವ ಪ್ಯಾಕ್ಸ್6 ಎಂಬುದೂ ಬಂಧುಗಳು. 1995ರಲ್ಲಿ ಸ್ವಿಟ್ಜರ್‌ಲೆಂಡಿನ ವಾಲ್ಟರ್ ಗೆರಿಂಗರ ಶಾಲೆಯಲ್ಲಿ ಇಲಿಯ ಪ್ಯಾಕ್ಸ್6 ಅನ್ನು ನೊಣದ ಕಾಲಿನಲ್ಲಿ ಕೆಲಸಮಾಡಿಸಿದಾಗ ಅಲ್ಲಿ ಕಣ್ಣು ಮೂಡಿತು. ಮೂಡಿದುದು ಇಲಿಯ ಕಣ್ಣಲ್ಲ, ನೊಣದ ಕಣ್ಣು! ಆಜ್ಞೆಯು ಹಳೆಯದು, ಅದನ್ನು ನಡೆಸುವ ಊಳಿಗದವರು ಆಯಾ ಮನೆಯವರು.

ಮಾದರಿ ಜೀವಿಗಳೆಂದು ಆರಿಸಿಕೊಂಡವುಗಳಲ್ಲಿ ನಮ್ಮ ನಾಡಿನ ನಂಟೂ ಇದೆ. ಹಣ್ಣಿನ ನೊಣಗಳ ತಳಿಗಳನ್ನು ಸಾಕಿ ಹಂಚುವ ಕೇಂದ್ರವೊಂದು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿದೆ. ಪಟ್ಟೆಪಟ್ಟೆಯ ಜೀಬ್ರಾ ಮೀನಂತೂ ಭಾರತದ ಮೀನೇ. ಅದನ್ನು ಶಾಸ್ತ್ರೀಯವಾಗಿ ಮೊದಲು ವರ್ಣಿಸಿದವನು ಫ್ರಾನ್ಸಿಸ್ ಬುಕಾನನ್, ಗಂಗಾನದಿಯ ಮೀನುಗಳನ್ನು ಕುರಿತ 1822ರ ಗ್ರಂಥದಲ್ಲಿ. ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯನ್ನು ಸುತ್ತಿ, 1801ರಲ್ಲಿ ನಮ್ಮ ಚಿತ್ರದುರ್ಗ ಹಿರಿಯೂರುಗಳನ್ನು ಹಾದು, ಇಲ್ಲಿಯ ಬೆಳೆಬದುಕುಗಳನ್ನು ಬರೆದಿಟ್ಟ ಬುಕಾನನನೇ ಆತನು. ಆ ಮೀನಿನ ಸಮಸ್ತ ಬರಹವನ್ನು 2013ರಲ್ಲಿ ಪ್ರಕಟಿಸಿದಾಗ ಮನುಷ್ಯನ ವಂಶವಾಹಿಗಳಲ್ಲಿ ನೂರಕ್ಕೆ ಸುಮಾರು 70ಕ್ಕೆ ಅದರಲ್ಲಿ ಒಂದಾದರೂ ನೇರ ಬಂಧುವಿರುವುದು ಕಂಡುಬಂತು. ಮೀನಿನ ಪೂರ್ವಜರಲ್ಲಿ ಒಮ್ಮೆ ಬರಹವೆಲ್ಲವೂ ಇಮ್ಮಡಿಯಾದುದರಿಂದ ನಮ್ಮ ಒಂದಕ್ಕೆ ಅಲ್ಲಿ ಎರಡು ಬಂಧುಗಳು ಸಿಕ್ಕುವುದೂ ಉಂಟು.

ಈಗ ಕಾವು ಮತ್ತು ಮೂರ್ಛೆಯ ವಿಷಯಕ್ಕೆ ಬರೋಣ. 1971ರಲ್ಲಿ ಕೆನಡಾ ದೇಶದ ಡೇವಿಡ್ ಸುಜುಕಿಯವರ ಶಾಲೆಯಲ್ಲಿ ಒಂದು ನೊಣದ ತಳಿ ದೊರೆಯಿತು. 22 ಡಿಗ್ರಿಯ ತಂಪಿನಲ್ಲಿ ಅದು ಎಲ್ಲ ನೊಣಗಳಂತೆ ಹಾರಾಡುವುದು. 29 ಡಿಗ್ರಿಗೆ ಏರಿಸಿದೊಡನೆ ಮರಗಟ್ಟಿ ಬೀಳುವುದು. ಮರಳಿ ತಂಪು ಮಾಡಿದರೆ ಏನೂ ಆಗದಂತೆ ಏಳುವುದು. ಈ ಬಗೆಯ ನೊಣಗಳ ನರಗಳಲ್ಲಿ ಏನು ಕೆಟ್ಟಿದೆಯೆಂದು ಸೀಮೂರ್ ಬೆಂಜರ್ ಅವರೊಡಗೂಡಿ 1976ರಲ್ಲಿ ತೋರಿಸಿದವರು ಒಬೈದ್ ಸಿದ್ದಿಕಿಯವರು. ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರವನ್ನು ಕಟ್ಟಿ, 2013ರಲ್ಲಿ ಆ ಊರಿನಲ್ಲಿಯೇ ದಿವಂಗತರಾದ ಮಹನೀಯರು. ಸುಜುಕಿಯವರ ನೊಣದಲ್ಲಿ ಕೆಟ್ಟಿದ್ದ, ಪ್ಯಾರಾ ಎಂಬ ಹೆಸರಿನ ವಂಶವಾಹಿಯ ಬರಹವನ್ನು 1989ರಲ್ಲಿ ಓದಿದಾಗ, ನರಕೋಶದೊಳಕ್ಕೆ ಸೋಡಿಯಂ ಕಣಗಳನ್ನು ಬಿಡುವ ಬಾಗಿಲು ಅದೆಂದು ತಿಳಿಯಿತು. ಈ ಬಾಗಿಲು ತೆರೆಯದೆ ನರದಲ್ಲಿ ಸಂದೇಶವು ಹರಿಯದು.

ನೊಣದಲ್ಲಿ ಈ ಬಾಗಿಲಿಗೆ ಒಂದೇ ವಂಶವಾಹಿ. ಮನುಷ್ಯನಲ್ಲಿ ಇದೇ ಕೆಲಸದ ಒಂಬತ್ತು ದಾಯಾದಿಗಳಿದ್ದಾರೆ. ಒಬ್ಬನು ಮಿದುಳಿನಲ್ಲಿ, ಒಬ್ಬನು ಹೃದಯದಲ್ಲಿ, ಒಬ್ಬನು ಸ್ನಾಯುವಿನಲ್ಲಿ. ಒಂಬತ್ತರಲ್ಲಿ ಪ್ಯಾರಾದ ಬಂಧು ಯಾವುದು ಎಂದು ಕೇಳಿದರೆ ಒಂಬತ್ತೂ ಎಂದೇ ಉತ್ತರ. ಅವುಗಳಲ್ಲಿ ಎಸ್‌ಸಿಎನ್1ಎ ಎಂಬುದು ಕೆಟ್ಟರೆ ಜ್ವರದ ಕಾವಿಗೆ ಮೂರ್ಛೆ ಬರುವ ರೋಗವು ಮನೆತನಗಳಲ್ಲಿ ಹರಿಯುತ್ತದೆಂದು 2000ದಲ್ಲಿಯೂ, ಶಿಶುಗಳ ಕಠಿಣವಾದ ಡ್ರಾವೆ ಅಪಸ್ಮಾರಕ್ಕೂ ಅದೇ ಕಾರಣವೆಂದು 2001ರಲ್ಲಿಯೂ ತಿಳಿದುಬಂತು. ಕಾವಿಗೆ ಬೀಳುವ ನೊಣ ಅಲ್ಲಿ, ಕಾವಿಗೆ ಬೀಳುವ ಮಗು ಇಲ್ಲಿ. ನಡುವೆ ಬಂಧುತ್ವದ ಈ ಎಳೆ.

ಒಂದು ಮನೆತನದ ರೋಗಿಗಳಲ್ಲಿ ಎಸ್‌ಸಿಎನ್1ಎ ಪ್ರೋಟೀನಿನ 1270ನೆಯ ಸ್ಥಾನದ ಲೈಸೀನ್ ಹೋಗಿ ಥ್ರಿಯೋನೀನ್ ಬಂದಿತ್ತು. ನೊಣದ ಸರದಲ್ಲಿ ಆ ಸ್ಥಾನದ ಸಂಖ್ಯೆ ಬೇರೆಯಾದರೂ ಅಲ್ಲಿಯೂ ಲೈಸೀನೇ ಉಳಿದುಬಂದಿದೆ. ಅಕ್ಷರವು ಇಷ್ಟು ದೀರ್ಘಕಾಲ ಅಳಿಯದೆ ನಿಂತಿರುವುದೇ ಅದರ ಮಹತ್ವಕ್ಕೆ ಸಾಕ್ಷಿ. ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ನೊಣದಲ್ಲಿ ಅದೇ ಅಕ್ಷರವನ್ನು ತಿದ್ದಿ ನೋಡಿ, 2012ರಲ್ಲಿ ಫಲವನ್ನು ಪ್ರಕಟಿಸಿದರು. ಆ ನೊಣಗಳಿಗೆ ಹೆಚ್ಚಿನ ಕಾವಿನಲ್ಲಿ ಸೆಳೆತ ಬಂತು. ಕಾರಣವನ್ನು ಅರಸಿದಾಗ, ಇತರ ನರಕೋಶಗಳನ್ನು ತಡೆದು ಹಿಡಿಯುವ ನರಕೋಶಗಳು ಕಾವೇರಿದಂತೆ ಸೋಲುವುದು ಕಂಡಿತು. ತೂಬಿನ ಹಲಗೆ ಸರಿದ ಕೆರೆಯಂತೆ ಮಿಕ್ಕವು ಎಗ್ಗಿಲ್ಲದೆ ಹರಿದವು. ಇಲಿಗಳಲ್ಲಿಯೂ ಪೆಟ್ಟು ಬೀಳುವುದು ತಡೆಯುವ ನರಕೋಶಗಳಿಗೇ ಎಂದು 2006ರಷ್ಟು ಮುಂಚೆಯೇ ತೋರಿಸಿದ್ದರು. ಇದರ ಪ್ರಯೋಜನವು ಬರಿಯ ಪಾಂಡಿತ್ಯವಲ್ಲ: ಸೋಡಿಯಂ ಬಾಗಿಲನ್ನು ಮುಚ್ಚುವ ಕೆಲವು ಸಾಮಾನ್ಯ ಮೂರ್ಛೆ ಔಷಧಗಳು ಡ್ರಾವೆ ರೋಗದ ಮಕ್ಕಳಿಗೆ ಗುಣದ ಬದಲು ಹಾನಿಯನ್ನೇ ಏಕೆ ಮಾಡುತ್ತವೆ ಎಂಬುದಕ್ಕೆ ಇಲ್ಲಿ ಸಮಾಧಾನ ದೊರೆಯಿತು. ದುರ್ಬಲನಾದ ಕಾವಲುಗಾರನ ಕೈಯನ್ನೇ ಕಟ್ಟಿದಂತೆ ಆಗುತ್ತಿತ್ತು.

ಎಸ್‌ಸಿಎನ್1ಎಯ ಈ ಕಥೆಯನ್ನು ಕೇಳಿ ನಮ್ಮ ಬಿಸಿನೀರಿನ ಅಪಸ್ಮಾರಕ್ಕೂ ಅದೇ ಕಾರಣವೆಂದು ಯಾರೂ ಭಾವಿಸಕೂಡದು. ಎಸ್‌ಎಲ್‌ಸಿ1ಎ1ರ ಕೆಲಸವೇ ಬೇರೆ. ನರಕೋಶಗಳು ಒಂದನ್ನೊಂದು ಪ್ರಚೋದಿಸಲು ಗ್ಲುಟಮೇಟ್ ಎಂಬ ದ್ರವ್ಯವನ್ನು ಚೆಲ್ಲುತ್ತವೆ. ಚೆಲ್ಲಿದುದನ್ನು ಬಾಚಿ ಒಳಗೊಯ್ಯುವ ಪ್ರೋಟೀನುಗಳಲ್ಲಿ ಇದೊಂದು. ಬಾಚುವವರು ಮೈಗಳ್ಳರಾದರೆ ಪ್ರಚೋದನೆಯು ಮಿತಿಮೀರುವುದು ಸಹಜವಷ್ಟೆ. ಮನುಷ್ಯನಲ್ಲಿ ಈ ಕುಟುಂಬದವರು ಐವರು, ನೊಣದಲ್ಲಿ ಇಬ್ಬರೇ. ಆದುದರಿಂದ ನೊಣದ ಇಬ್ಬರಲ್ಲಿ ಒಬ್ಬನನ್ನು ಹಿಡಿದು ಇವನೇ ಎಸ್‌ಎಲ್‌ಸಿ1ಎ1ರ ಪ್ರತಿಬಿಂಬವೆಂದು ಹೇಳುವುದು ಸಾಹಸದ ಮಾತು. ಇಲಿಯಲ್ಲಾದರೋ ಒಂದಕ್ಕೊಂದು ಸರಿಯಾದ ನೇರ ಬಂಧುವಿದೆ. ಕುಟುಂಬದ ಸಾಮಾನ್ಯ ಧರ್ಮವನ್ನು ನೊಣದಲ್ಲಿ ಕಲಿತು, ವಿಶೇಷ ಧರ್ಮವನ್ನು ಇಲಿಯಲ್ಲಿ ನೋಡುವುದೇ ವಿಹಿತವೆಂದು ನನಗೆ ತೋರುತ್ತದೆ.

ಇಲ್ಲಿ ಶರಣಧರ್ಮದವರು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಸಕಲ ಪ್ರಾಣಿಗಳಲ್ಲಿ ದಯೆಯನ್ನು ಬೋಧಿಸಿದ ಬಸವಾದಿ ಶರಣರ ಮಾರ್ಗದಲ್ಲಿ ನಡೆಯುವವರು ಮನುಷ್ಯನ ರೋಗಕ್ಕಾಗಿ ಇಲಿಮೀನುಗಳನ್ನು ನೋಯಿಸುವುದನ್ನು ಒಪ್ಪಬಹುದೆ? ಇದನ್ನು ಸುಲಭವಾಗಿ ತಳ್ಳಿಹಾಕುವ ವಿಜ್ಞಾನಿಯನ್ನು ನಾನು ಮೆಚ್ಚಲಾರೆ. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸಾ ನಿವಾರಣಾ ಶಾಸನವು ಇಂಥ ಪ್ರಯೋಗಗಳ ಮೇಲೆ ಒಂದು ಸಮಿತಿಯ ಕಾವಲನ್ನು ಇಟ್ಟಿದೆ. ಶಾಸನವು ಕಾಯುವುದಕ್ಕಿಂತ ಹೆಚ್ಚಾಗಿ ಕಾಯತಕ್ಕದ್ದು ಪ್ರಯೋಗ ಮಾಡುವವನ ವಿವೇಕ. ಯೀಸ್ಟು ಉತ್ತರ ಕೊಡಬಲ್ಲಲ್ಲಿ ನೊಣವನ್ನೂ, ನೊಣವು ಉತ್ತರ ಕೊಡಬಲ್ಲಲ್ಲಿ ಇಲಿಯನ್ನೂ ಮುಟ್ಟಬೇಕಾಗಿಲ್ಲ. ಯಾವ ಜೀವಿಯು ಯಾವ ಪ್ರಶ್ನೆಗೆ ಉತ್ತರಿಸಬಲ್ಲುದೆಂಬುದು ಬಾಂಧವ್ಯದ ನಿರ್ಣಯದಿಂದಲೇ ತಿಳಿಯಬೇಕು. ದಾಯಾದಿಯನ್ನು ನೇರ ಬಂಧುವೆಂದು ತಪ್ಪಾಗಿ ಗ್ರಹಿಸಿ ವರ್ಷಗಟ್ಟಲೆ ಪ್ರಯೋಗ ನಡೆಸಿದರೆ ಅಷ್ಟು ಪ್ರಾಣಗಳೂ ವ್ಯರ್ಥ. ಹೀಗೆ ನೋಡಿದರೆ ಗಣಕಯಂತ್ರದ ಮುಂದೆ ಕುಳಿತು ಅಕ್ಷರಕ್ಕೆ ಅಕ್ಷರವನ್ನು ಹೊಂದಿಸುವ ಬೇಸರದ ಕೆಲಸವೂ ಒಂದು ಬಗೆಯ ದಯಾಕಾರ್ಯವೇ.

ಇನ್ನು ಮನೆಮಂದಿಗೆ ಒಂದು ಅರಿಕೆ. ಸ್ನಾನದ ಹೊತ್ತಿನಲ್ಲಿ ಎಚ್ಚರ ತಪ್ಪುವ ಮಗುವು ನಿಮ್ಮ ಮನೆಯಲ್ಲಿದ್ದರೆ ಅದನ್ನು ಬಚ್ಚಲಿನಲ್ಲಿ ಒಂಟಿಯಾಗಿ ಬಿಡಬೇಡಿರಿ. ತಡಮಾಡದೆ ನರರೋಗಗಳ ವೈದ್ಯರಿಗೆ ತೋರಿಸಿರಿ. ಕೊಟ್ಟ ಔಷಧವನ್ನು ಅವರ ಮಾತಿಲ್ಲದೆ ನಿಲ್ಲಿಸಬೇಡಿರಿ. ಹೋಗುವಾಗ ಮೂರು ತಲೆಮಾರಿನ ವಂಶಾವಳಿಯನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿರಿ: ತಂದೆಯ ಕಡೆ, ತಾಯಿಯ ಕಡೆ ಎರಡೂ, ಯಾರಿಗೆ ಎಷ್ಟನೆಯ ವಯಸ್ಸಿನಲ್ಲಿ ಮೊದಲು ಬಂತು, ನೀರು ತಲೆಗೆ ಬಿದ್ದಾಗಲೋ ಮೈಗೆ ಬಿದ್ದಾಗಲೋ, ಜ್ವರದಲ್ಲಿಯೂ ಬಂದಿತ್ತೋ, ಯಾವ ಯಾವ ಮನೆಗಳ ನಡುವೆ ಸೋದರಸಂಬಂಧವಿತ್ತು ಎಂಬುದೆಲ್ಲ ಅದರಲ್ಲಿರಲಿ. ಮನೆಯ ಮರ್ಯಾದೆಗೆ ಅಂಜಿ ಹಿರಿಯರು ಹೇಳದೆ ಬಿಟ್ಟ ಹೆಸರುಗಳಿದ್ದರೆ ಅವನ್ನೂ ಅಜ್ಜಿಯರನ್ನು ಕೇಳಿ ತಪ್ಪದೆ ಸೇರಿಸಿರಿ.